ಬಾಯಿಪಾಠದ ಉತ್ತರ ಯಾರಿಗೆ ಬೇಕು?

ಮದ್ರಸಕ್ಕೆ ಮುಫತ್ತಿಶ್ ಬರುವ ದಿನ ಗೊತ್ತಾದರೆ ನಮಗೆ ಗಡಿಬಿಡಿ. ಅಂಗಳ ಗುಡಿಸುತ್ತೇವೆ, ರಿಜಿಸ್ಟರ್ ಸರಿ ಮಾಡುತ್ತೇವೆ, ಚೆನ್ನಾಗಿ ಓದುವ ಮಕ್ಕಳನ್ನು ಮುಂದಿನ ಬೆಂಚಿನಲ್ಲಿ ಕೂರಿಸುತ್ತೇವೆ. ಪ್ರಶ್ನೆ ಹಿಂದಿನ ಬೆಂಚಿಗೆ ಹೋದಾಗ ತಲೆ ತಗ್ಗಿಸಬೇಕಾದದ್ದು ಮಕ್ಕಳಲ್ಲ, ಕಲಿಸಿದ ನಾವು.

ಈ ಮಾತು ನೆನಪಾಗಲು ಕಾರಣವಿದೆ. ಆಸ್ಪತ್ರೆಯೊಂದರಲ್ಲಿ ಭಾನುವಾರ ಸ್ವಯಂಸೇವೆ ಮಾಡುವ ನಮ್ಮ ಜಮಾಅತಿನ ಹುಡುಗನೊಬ್ಬ ಮೊನ್ನೆ ಎರಡು ಹಾಳೆ ಹಿಡಿದು ಬಂದಿದ್ದ. "ಉಸ್ತಾದ್, ಎನ್‌ಎಬಿಎಚ್‌ನವರು ಬರ್ತಾರಂತೆ. ಇದನ್ನು ಬಾಯಿಪಾಠ ಮಾಡ್ಬೇಕಂತೆ. ಆಗದಿದ್ರೆ ಆ ದಿನ ಬರೋದೇ ಬೇಡ ಅಂದಿದ್ದಾರೆ" ಎಂದ.

ಎನ್‌ಎಬಿಎಚ್ ಎಂದರೆ ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ, ಭಾರತೀಯ ಗುಣಮಟ್ಟ ಮಂಡಳಿಯ ಅಂಗಸಂಸ್ಥೆ. ಅದರ ಪರಿಶೀಲಕರು ಕಡತ ನೋಡಿ ಎದ್ದು ಹೋಗುವವರಲ್ಲ. ವಾರ್ಡಿಗೆ ಬಂದು ಸಿಬ್ಬಂದಿಯನ್ನು, ರೋಗಿಗಳನ್ನು ಮಾತಾಡಿಸುತ್ತಾರೆ. ಬ್ಯಾಡ್ಜ್ ಹಾಕಿದ ಸ್ವಯಂಸೇವಕನನ್ನೂ ನಿಲ್ಲಿಸಿ ಕೇಳಬಹುದು.

ಆ ಹಾಳೆಗಳನ್ನು ನಾವೂ ಓದಿದೆವು. ಒಂದೊಂದು ಪ್ರಶ್ನೆಯ ಹಿಂದೆಯೂ ಒಂದು ಜೀವ ಇದೆ. ರೋಗಿಯನ್ನು ಹೇಗೆ ಗುರುತಿಸುತ್ತೀರಿ? ಹೆಸರು ಮತ್ತು ಆಸ್ಪತ್ರೆಯ ನಂಬರ್, ಎರಡನ್ನೂ ನೋಡಬೇಕು; ಬೆಡ್ ನಂಬರ್ ನಂಬಬಾರದು. ಒಂದೇ ವಾರ್ಡಿನಲ್ಲಿ ಮೂವರು ಅಬ್ದುಲ್ ಖಾದರ್ ಇರುವ ನಮ್ಮ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕೇ? ಕೈ ಎಷ್ಟು ಹೊತ್ತು ತೊಳೆಯಬೇಕು? ಸೋಪು ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು. ರೋಗಿ ಬಿದ್ದರೆ? ಎತ್ತಲು ಹೋಗಬೇಡಿ, ಪಕ್ಕದಲ್ಲೇ ನಿಂತು ನರ್ಸನ್ನು ಕರೆಯಿರಿ. ಬೆಂಕಿ ಬಿದ್ದರೆ? ಲಿಫ್ಟ್ ಹತ್ತಬೇಡಿ, ಹೊರಗೆ ಹೋಗುವ ದಾರಿ ಯಾವುದೆಂದು ಮೊದಲೇ ನಡೆದು ನೋಡಿರಿ.

ಹಾಳೆಯಲ್ಲಿ ಇಲ್ಲದ ಎರಡು ಮಾತು ನಮ್ಮ ಕಡೆಯಿಂದ. ಆಪರೇಷನ್‌ಗೆ ಮೊದಲು ಖಾಲಿ ಹೊಟ್ಟೆಯಲ್ಲಿರಬೇಕಾದ ರೋಗಿಗೆ, ಪಾಪ ಅಂತ ಚಾ ಕೊಟ್ಟರೆ ಅದು ಸೇವೆಯಲ್ಲ, ಅಪಾಯ. ಏನು ಕೊಡುವುದಿದ್ದರೂ ನರ್ಸನ್ನು ಕೇಳಿಯೇ ಕೊಡಬೇಕು. ಇನ್ನು, ಬೆಡ್ಡಿನಲ್ಲಿ ಮಲಗಿದವರ ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕುವ ಚಟ ನಿಲ್ಲಬೇಕು. ರೋಗಿಯ ಕಾಯಿಲೆ ನಮ್ಮ ಕೈಗೆ ಕೊಟ್ಟ ಅಮಾನತ್ತು. ಡಾಕ್ಟರ ಮಾತನ್ನು ಅಜ್ಜಿಯೊಬ್ಬರಿಗೆ ಬ್ಯಾರಿ ಭಾಷೆಯಲ್ಲಿ ಹೇಳುವಾಗಲೂ ಅಷ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಸೇರಿಸಬಾರದು, ಬಿಡಬಾರದು.

ಬಾಯಿಪಾಠ ಮಾಡಿದವನು ಪ್ರಶ್ನೆ ಸ್ವಲ್ಪ ತಿರುಗಿದರೆ ತೊದಲುತ್ತಾನೆ. ಮಾಡಿ ರೂಢಿಯಾದವನು ಮಾಡುವುದನ್ನೇ ಹೇಳುತ್ತಾನೆ. ಗೊತ್ತಿಲ್ಲದಿದ್ದರೆ "ನನಗೆ ಗೊತ್ತಿಲ್ಲ, ಸಿಸ್ಟರನ್ನು ಕೇಳಿ ಹೇಳ್ತೇನೆ" ಅನ್ನಲಿ. ಅದು ಸೋಲಲ್ಲ. ವಾರ್ಡಿನಲ್ಲಿ ಊಹೆಗಿಂತ ಆ ಮಾತೇ ಮೇಲು.

ಆಸ್ಪತ್ರೆಗಳ ಆಡಳಿತಕ್ಕೂ ಒಂದು ವಿನಂತಿ. ತಪಾಸಣೆಯ ದಿನ ಬರಬೇಡ ಅನ್ನುವಷ್ಟು ಭಯವಿದ್ದರೆ, ಉಳಿದ ದಿನ ಆ ಹುಡುಗನನ್ನು ರೋಗಿಯ ಹತ್ತಿರ ಬಿಟ್ಟದ್ದು ಹೇಗೆ? ಅವನನ್ನು ಅಡಗಿಸಬೇಡಿ, ತರಬೇತಿ ಕೊಡಿ. ನಮ್ಮ ಜಮಾಅತುಗಳಿಗೂ ಪಾಲಿದೆ. ಹುಡುಗರನ್ನು ಸೇವೆಗೆ ಕಳಿಸುವ ಮೊದಲು ತರಬೇತಿ ಆಗಿದೆಯಾ ಎಂದು ನಾವೇ ಕೇಳಬೇಕು.

ಪರಿಶೀಲಕರು ಎರಡು ಮೂರು ದಿನ ಇದ್ದು ಹೋಗುತ್ತಾರೆ. ಬೆಡ್ಡಿನಲ್ಲಿರುವ ಅಜ್ಜಿ ಮರುದಿನವೂ ಅಲ್ಲೇ ಇರುತ್ತಾರೆ. ನಮ್ಮ ಮಕ್ಕಳು ತಯಾರಾಗಬೇಕಾದದ್ದು ಅವರಿಗಾಗಿ.