ತಿರುಹೃದಯದ ಭಕ್ತಿಯೂ ಅದರ ಆಕ್ಷೇಪಕರೂ

ಯೇಸುಸ್ವಾಮಿಯ ತಿರುಹೃದಯದ ಭಕ್ತಿಯನ್ನು ಕುರಿತು ವಿದ್ಯಾವಂತರ ಗೋಷ್ಠಿಗಳಲ್ಲಿ ಎರಡು ಆಕ್ಷೇಪಗಳು ಕೇಳಿಬರುವುದುಂಟು. ಇದು ಪರದೇಶದ ಸರಕೆಂಬುದೊಂದು. ದೇವರನ್ನು ಬಿಟ್ಟು ಮಾಂಸಖಂಡವನ್ನು ಪೂಜಿಸುವ ಮೌಢ್ಯವೆಂಬುದು ಇನ್ನೊಂದು. ಇವೆರಡೂ ವಿಚಾರದ ಮುಂದೆ ನಿಲ್ಲತಕ್ಕವಲ್ಲ. ಆದರೆ ಆಕ್ಷೇಪಕರು ಎತ್ತದ ಮೂರನೆಯದೊಂದುಂಟು. ಭಕ್ತರು ಉತ್ತರ ಕೊಡಬೇಕಾದುದು ಅದಕ್ಕೆ.

ಫ್ರಾನ್ಸಿನ ಪಾರೆ-ಲ-ಮೊನಿಯಾಲ್ ಎಂಬ ಊರಿನ ಕನ್ಯಾಮಠದಲ್ಲಿ ಮಾರ್ಗರೇಟ್ ಮೇರಿ ಅಲಕೋಕ್ ಎಂಬ ಸಂನ್ಯಾಸಿನಿಗೆ 1673ರಿಂದ 1675ರವರೆಗೆ ಆದ ದರ್ಶನಗಳಿಂದ ಈ ಭಕ್ತಿಯು ಹಬ್ಬಿತೆಂಬುದೇನೋ ನಿಜ. 1856ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಅವರು ಇದರ ಹಬ್ಬವನ್ನು ಸಮಸ್ತ ಕಥೋಲಿಕ ಸಭೆಗೆ ವಿಸ್ತರಿಸಿದರು. ಆದರೆ ಹೊರಗಿನಿಂದ ಬಂದುದೆಲ್ಲ ಹೊರಗಿನದಾಗಿಯೇ ಉಳಿಯುವುದೆ? ಬಿದರಿಯ ಕುಸುರಿಗೆ ಪಾರಸಿಕ ಮೂಲವನ್ನು ಹೇಳುವರು; ಅದಕ್ಕೆ ಕಪ್ಪು ಬಣ್ಣವನ್ನು ಕೊಡುವ ಮಣ್ಣು ಬೀದರ ಕೋಟೆಯದು. ಆ ಕಲೆಯನ್ನು ಪರಕೀಯವೆಂದು ಯಾರೂ ತಳ್ಳಿಲ್ಲ.

ಅದಕ್ಕಿಂತ ಮುಖ್ಯವಾದ ಮಾತೊಂದುಂಟು. ಆ ಕಾಲದ ಫ್ರಾನ್ಸಿನಲ್ಲಿ ಜಾನ್ಸೆನ್ ಪಂಥದವರು ದೇವರ ಭಯವನ್ನೇ ಮುಂದುಮಾಡಿ, ಅಯೋಗ್ಯತೆಯ ನೆಪದಿಂದ ಜನರನ್ನು ಪರಮಪ್ರಸಾದದಿಂದ ದೂರವಿರಿಸುತ್ತಿದ್ದರು. ದೇವರದು ತೆರೆದ ಹೃದಯವೆಂಬ ಭಕ್ತಿಯು ಅದಕ್ಕೆ ಪ್ರತ್ಯುತ್ತರವಾಯಿತು. ಅನರ್ಹನೆಂದು ಮನುಷ್ಯನನ್ನು ಹೊಸ್ತಿಲಲ್ಲಿಯೇ ತಡೆಯುವ ಧರ್ಮವು ಈ ಸೀಮೆಗೆ ಅಪರಿಚಿತವೆ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಎದುರಿಸಿದುದು ಅದನ್ನೇ. ರೋಗವು ಎರಡೂ ಕಡೆ ಒಂದೇ ಆಗಿರುವಾಗ ಔಷಧವನ್ನು ಪರದೇಶದ್ದೆಂದು ಹಳಿಯುವುದು ವಿವೇಕವಲ್ಲ.

ಎರಡನೆಯ ಆಕ್ಷೇಪವು ಹೊಸದೇನೂ ಅಲ್ಲ. 1786ರಲ್ಲಿ ಇಟಲಿಯ ಪಿಸ್ತೋಯ ನಗರದ ಧರ್ಮಸಭೆಯು ಇಂಥದೇ ದೋಷವನ್ನು ಹೊರಿಸಿತು. ಕ್ರಿಸ್ತನ ವ್ಯಕ್ತಿತ್ವದಿಂದ ಹೃದಯವನ್ನು ಬೇರ್ಪಡಿಸಿ ಯಾರೂ ಆರಾಧಿಸುವುದಿಲ್ಲವೆಂದು ಪೋಪ್ ಆರನೆಯ ಪಯಸ್ ಅವರು 1794ರಲ್ಲಿ ಉತ್ತರವಿತ್ತರು. ಔರಾದಿನ ಸಂತೆಯಲ್ಲಿ ಎದೆಯೆಂದರೂ ಹೃದಯವೆಂದರೂ ದಿಲ್ ಎಂದರೂ ಕೇಳುವವನಿಗೆ ಮಾಂಸಖಂಡವು ನೆನಪಾಗುವುದಿಲ್ಲ. ಸಂತೆಗೆ ತಿಳಿದುದು ಪಂಡಿತರಿಗೆ ತಿಳಿಯದೆ ಹೋಯಿತೆ?

ಇನ್ನು ಮೂರನೆಯದು. ಈ ಜಿಲ್ಲೆಯ ಕ್ರೈಸ್ತರಲ್ಲಿ ಮೆಥೋಡಿಸ್ಟರೇ ಹೆಚ್ಚು. ಕಥೋಲಿಕರು ಸ್ವಲ್ಪವೇ ಮಂದಿ. ಸಂಖ್ಯೆಯು ಅಲ್ಪವಾದಷ್ಟೂ ಆಚರಣೆಯ ಮೇಲೆ ಕಣ್ಣುಗಳು ಹೆಚ್ಚು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರು. ಅಲ್ಲಿ ಫಲಕಕ್ಕಿಂತ ಪಾಠವು ದೊಡ್ಡದಾಗಿತ್ತು. ತಿರುಹೃದಯದ ಪಟವೂ ಒಂದು ಫಲಕವೇ. ಒಳಗೆ ಯಾವ ಪಾಠವು ನಡೆಯುತ್ತಿದೆ? ಪಟದ ಮುಂದೆ ಕೆಂಪು ದೀಪವನ್ನು ಹಚ್ಚಿ, ತಿಂಗಳ ಮೊದಲ ಶುಕ್ರವಾರಗಳನ್ನು ಒಂಬತ್ತರವರೆಗೆ ಬಡ್ಡಿಯ ಲೆಕ್ಕದಂತೆ ಎಣಿಸಿ, ಬಾಗಿಲಿಗೆ ಬಂದವನ ಕುಲವನ್ನು ವಿಚಾರಿಸುವವನು ಆ ಭಕ್ತಿಯ ಭಕ್ತನಲ್ಲ. ಅದು ಯಾರನ್ನು ಎದುರಿಸಲು ಹುಟ್ಟಿತೋ ಅವರ ಪಕ್ಷದವನು. ಬರಗಾಲದಲ್ಲಿ ಕೂಲಿಗಾಗಿ ಹೈದರಾಬಾದಿಗೆ ಹೊರಟ ನೆರೆಯವನ ಮಕ್ಕಳು ಉಂಡರೋ ಇಲ್ಲವೋ ಎಂದು ಕೇಳದವನಿಗೂ ಇದೇ ಮಾತು ಸಲ್ಲುವುದು.

2024ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಈ ಭಕ್ತಿಯನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ, ಕ್ರಿಸ್ತನ ಪ್ರೀತಿಯು ಸೋದರಸೇವೆಯಾಗಿ ಪರಿಣಮಿಸಬೇಕೆಂದು ಬೋಧಿಸಿದ್ದಾರೆ. ಆಕ್ಷೇಪಕರನ್ನು ವಾದದಿಂದ ಗೆಲ್ಲುವುದು ಸುಲಭ. ಈ ಬೋಧೆಗೆ ನಡತೆಯಿಂದ ಸಾಕ್ಷಿ ಹೇಳುವುದು ಕಷ್ಟ. ಭಕ್ತರು ಆ ಕಷ್ಟದ ಕೆಲಸವನ್ನು ಕೈಗೊಂಡರೆ, ಮೊದಲಿನೆರಡು ಆಕ್ಷೇಪಗಳಿಗೆ ಬಾಯಿಂದ ಉತ್ತರ ಕೊಡಬೇಕಾದ ಅಗತ್ಯವೇ ಬೀಳದು.