ಪ್ರವೇಶ ಪರೀಕ್ಷೆಯೂ ಕನ್ನಡದ ಅವಧಿಯೂ

ನಮ್ಮ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆಗಳು, 80 ನಿಮಿಷಗಳು. ಎಂಜಿನಿಯರಿಂಗ್ ಶ್ರೇಯಾಂಕಕ್ಕೆ ಈ ಅಂಕಗಳು ಅರ್ಧ, ಪಿಯುಸಿಯ ಭೌತ, ರಸಾಯನ, ಗಣಿತಗಳ ಅಂಕಗಳು ಇನ್ನರ್ಧ. ಕನ್ನಡದ ಅಂಕಕ್ಕೆ ಅಲ್ಲಿ ಸ್ಥಾನವಿಲ್ಲ. ಆದಕಾರಣ ಭಾಷೆಯ ಅವಧಿಯನ್ನು ತರಬೇತಿಗೆ ಬಿಟ್ಟುಕೊಡಬೇಕೆಂಬ ವಾದ ಪಾಲಕರಿಂದ ಕೇಳಿಬರುತ್ತಿದೆ. ಇದನ್ನು ನಾನು ಒಪ್ಪಲಾರೆ. ಕನ್ನಡ ಪಂಡಿತನ ಸ್ವಾರ್ಥವೆಂದು ನಗುವವರು ನಗಲಿ.

'ಇವುಗಳಲ್ಲಿ ಯಾವುದು ಸರಿಯಲ್ಲ' ಎಂಬ ಪ್ರಶ್ನೆಯಲ್ಲಿ ಆ 'ಅಲ್ಲ'ವನ್ನು ಕಾಣದೆ, ಸರಿಯಾದುದನ್ನೇ ಗುರುತಿಸಿ ಬರುವ ಜಾಣ ಹುಡುಗರು ಎಷ್ಟಿಲ್ಲ! ಅವರಿಗೆ ಶಾಸ್ತ್ರ ಬಾರದೆಂದಲ್ಲ, ವಾಕ್ಯವನ್ನು ಅನ್ವಯಿಸಿ ಓದಿದ ಅಭ್ಯಾಸವಿಲ್ಲ. ಹಳಗನ್ನಡ ಪದ್ಯದ ಕರ್ತೃ, ಕರ್ಮ, ಕ್ರಿಯೆಗಳನ್ನು ಹುಡುಕಿ ಜೋಡಿಸಿದವನ ಕಣ್ಣು ನಿಷೇಧಪದವನ್ನು ದಾಟಿ ಹೋಗುವುದು ಅಪರೂಪ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ನೀಟ್‌ನಲ್ಲಂತೂ ಈ ಅಜಾಗ್ರತೆ ಇನ್ನೂ ತುಟ್ಟಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸಲಿ, ಬೇಡವೆನ್ನೆನು. ಕನ್ನಡದ ಅವಧಿಯನ್ನು ಮಾತ್ರ ವೇಳಾಪಟ್ಟಿಯಿಂದ ಕೀಳಬಾರದು.