ಒಳಗೆ ಬಿಟ್ಟವರೇ, ಹೊರಗೆ ಹಾಕಿ ನೋಡೋಣ

ಪ್ರೋಗ್ರಾಮಿಂಗ್ ಭಾಷೆಯೊಂದರ ಕರಡು ಸ್ಟ್ಯಾಂಡರ್ಡ್ ಹೊರಬಿದ್ದಾಗಲೆಲ್ಲ ಪಂಡಿತರದು ಅದೇ ಹಳೆಯ ರಾಗ: ಕಂಡಕಂಡವರ ಅಭಿಪ್ರಾಯ ಕೇಳುತ್ತ ಕೂತರೆ ಭಾಷೆ ಕುಲಗೆಡುತ್ತದೆ, ಬಳಸುವವರಿಗೆ ವಿನ್ಯಾಸದ ಗಂಧವಿಲ್ಲ, ಸಮಿತಿಗೆ ಬಿಟ್ಟುಬಿಡಿ. ಆಗಲಿ ಸ್ವಾಮಿ, ಬಿಡೋಣ. ಆದರೆ ಮೊದಲು ಒಂದು ಲೆಕ್ಕ ಒಪ್ಪಿಸಿ. ‘ಗೆಟ್ಸ್’ ಎಂಬ ಅನಿಷ್ಟವನ್ನು ಸಿ ಭಾಷೆಯ ಸ್ಟ್ಯಾಂಡರ್ಡ್‌ನಲ್ಲಿ ಉಳಿಸಿದವರು ಯಾರು?

ಗೆಟ್ಸ್ ಅಂದರೆ ಟೈಪ್ ಮಾಡಿದ ಸಾಲನ್ನು ಓದಿಕೊಳ್ಳುವ ಫಂಕ್ಷನ್. ಅದಕ್ಕೆ ಅಳತೆಯೇ ತಿಳಿಯದು. ಪಾವಿನ ಮುಂದೆ ಕೊಡ ಬಗ್ಗಿಸಿದರೂ ಸಾಕು ಎನ್ನುವುದಿಲ್ಲ. ಚೆಲ್ಲಿದ್ದೆಲ್ಲ ಪಕ್ಕದ ಮೆಮೊರಿಗೆ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಎಂಬ ಹುಳ ಸಾವಿರಾರು ಯಂತ್ರಗಳನ್ನು ಮಲಗಿಸಿತಲ್ಲ, ಅದು ನುಗ್ಗಿದ ಕಿಂಡಿಗಳಲ್ಲಿ ಇದೂ ಒಂದು. ಜಗತ್ತೆಲ್ಲ ಕಂಡಿತು, ಪತ್ರಿಕೆಗಳು ಬರೆದವು. ಹದಿಮೂರು ತಿಂಗಳ ಮೇಲೆ, 1989ರ ಡಿಸೆಂಬರ್‌ನಲ್ಲಿ, ಅಮೆರಿಕದ ಆನ್ಸಿ ಸಂಸ್ಥೆ ಸಿ ಸ್ಟ್ಯಾಂಡರ್ಡ್‌ಗೆ ಮುದ್ರೆ ಒತ್ತಿತು. ಗೆಟ್ಸ್ ಒಳಗೇ ಇತ್ತು! ಅದನ್ನು ತೆಗೆದುಹಾಕಿದ್ದು 2011ರಲ್ಲಿ. ಇಪ್ಪತ್ತೆರಡು ವರ್ಷ. ಆ ಮುದ್ರೆಯ ದಿನ ಹುಟ್ಟಿದ ಮಗು ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿರುತ್ತದೆ.

ಈಗ ಅದೇ ಸಮಿತಿಯ ಇನ್ನೊಂದು ಕಥೆ. 1987ರ ಡಿಸೆಂಬರ್‌ನಲ್ಲಿ ಅದು ಕರಡಿಗೆ ‘ನೋಅಲಿಯಾಸ್’ ಎಂಬ ಹೊಸ ಪದ ತುರುಕಿತು. ಈ ಪಾಯಿಂಟರ್ ತೋರಿಸುವ ಜಾಗವನ್ನು ಬೇರೆ ದಾರಿಯಿಂದ ಯಾರೂ ಮುಟ್ಟುವುದಿಲ್ಲ ಎಂದು ಪ್ರೋಗ್ರಾಮರ್ ಕಂಪೈಲರ್‌ಗೆ ಭಾಷೆ ಕೊಡಬೇಕು. ಆ ಧೈರ್ಯದ ಮೇಲೆ ಕಂಪೈಲರ್ ಫೋರ್ಟ್ರಾನ್‌ನ ಹಾಗೆ ಓಡಬೇಕು. ಕೊಟ್ಟ ಮಾತು ಎಲ್ಲೋ ತಪ್ಪಿತೋ, ಪ್ರೋಗ್ರಾಂ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಬಳಕೆಯಲ್ಲಿ ಇರುವುದನ್ನು ದಾಖಲಿಸಲು ಕೂತ ಸಮಿತಿ, ಬಳಕೆಯಲ್ಲೇ ಇಲ್ಲದ್ದನ್ನು ಹಡೆದಿತ್ತು.

ಅದು ನಿಂತದ್ದು ಹೇಗೆ? ಸಮಿತಿಗೆ ಜ್ಞಾನೋದಯವಾಗಿಯೇ? ಇಲ್ಲ. ಕರಡಿನ ಮೇಲೆ ಸಾರ್ವಜನಿಕರು ಅಭಿಪ್ರಾಯ ಹೇಳಬಹುದಿತ್ತು, ಹೇಳಿದರು. ಸಮಿತಿಯ ಸದಸ್ಯರೇ ಅಲ್ಲದ ಡೆನಿಸ್ ರಿಚಿ 1988ರ ಮಾರ್ಚ್‌ನಲ್ಲಿ ಪತ್ರ ಬರೆದು, ಇದು ತೊಲಗಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ ಎಂದರು. ಕೆಲವೇ ವಾರಗಳಲ್ಲಿ ನೋಅಲಿಯಾಸ್ ಮಾಯ. ಅದರ ಹಿಂದಿದ್ದ ಆಸೆ ‘ರಿಸ್ಟ್ರಿಕ್ಟ್’ ಎಂಬ ಹೆಸರಲ್ಲಿ, ತಿದ್ದಿದ ರೂಪದಲ್ಲಿ ಬಂದದ್ದು 1999ರಲ್ಲಿ. ಕರಡಿನಲ್ಲಿದ್ದಾಗ ಕೀಳಲು ನಾಲ್ಕೈದು ತಿಂಗಳು; ಸ್ಟ್ಯಾಂಡರ್ಡ್ ಆದ ಮೇಲೆ ಇಪ್ಪತ್ತೆರಡು ವರ್ಷ. ನನ್ನ ವಾದವೆಲ್ಲ ಇಷ್ಟೇ.

‘ರಿಚಿ ಸಿ ಭಾಷೆಯನ್ನು ಹುಟ್ಟಿಸಿದವರು, ಅವರ ಮಾತು ಬೇರೆ’ ಎನ್ನುತ್ತೀರಿ. ಹಾಗಾದರೆ ಗೋ ಭಾಷೆಯ ಕಡೆ ಬನ್ನಿ. ಎರರ್ ನಿಭಾಯಿಸುವ ಕೋಡ್ ಚುಟುಕಾಗಲಿ ಎಂದು 2019ರ ಜೂನ್‌ನಲ್ಲಿ ಅದರ ತಂಡ ‘ಟ್ರೈ’ ಎಂಬ ಪ್ರಸ್ತಾವ ಮುಂದಿಟ್ಟಿತು. ದಿನವೂ ಕೋಡ್ ಬರೆದು ಹೊಟ್ಟೆ ಹೊರೆಯುವ ಹೆಸರಿಲ್ಲದ ಜನ, ಫಂಕ್ಷನ್ ಎಲ್ಲಿಂದ ವಾಪಸಾಯಿತೆಂದು ಕಣ್ಣಿಗೇ ಕಾಣುವುದಿಲ್ಲವಲ್ಲ ಎಂದು ಮುಗಿಬಿದ್ದರು. ಜುಲೈನಲ್ಲಿ ತಂಡ ಪ್ರಸ್ತಾವ ಹಿಂಪಡೆಯಿತು. ಭಾಷೆ ಮುಳುಗಿತೇ? 2025ರಲ್ಲಿ ಅದೇ ತಂಡ, ಇದಕ್ಕಾಗಿ ಹೊಸ ವ್ಯಾಕರಣದ ಸಾಹಸವನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ ಎಂದು ತಾನೇ ಹೇಳಿತು.

ಪಂಡಿತರ ಕೈಗೆ ಪೂರ್ತಿ ಬಿಟ್ಟದ್ದೂ ಉಂಟು. ಸಿ++ನ ‘ಎಕ್ಸ್‌ಪೋರ್ಟ್’ ಟೆಂಪ್ಲೇಟ್ ಯಾರೂ ಕಟ್ಟಿ ನೋಡುವ ಮೊದಲೇ 1998ರ ಸ್ಟ್ಯಾಂಡರ್ಡ್ ಸೇರಿತು. ಕಟ್ಟಿದವರು ಒಂದೇ ಸಂಸ್ಥೆ. ಅವರೇ ಆಮೇಲೆ, ನಮ್ಮ ಪಾಡು ನಿಮಗೆ ಬೇಡ ಎಂದು ಕೈಮುಗಿದರು. 2011ರಲ್ಲಿ ಹೊರಗೆ. ಹದಿಮೂರು ವರ್ಷ! ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತದೆ ಗಾದೆ. ಇಲ್ಲಿ ಮಾಡುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು.

ಇದು ಕಂಪ್ಯೂಟರಿಗೆ ಅಂಟಿದ ರೋಗ ಮಾತ್ರವಲ್ಲ. 2020ರ ಪರಿಸರ ಪರಿಣಾಮ ಅಂದಾಜು ಕರಡನ್ನು ನೆನಪಿಸಿಕೊಳ್ಳಿ. ಊರ ಹಳ್ಳ, ಗುಡ್ಡದ ಹಣೆಬರಹ ಬರೆಯುವ ಕಡತ, ಆದರೆ ಊರವರ ನುಡಿಯಲ್ಲಿಲ್ಲ. ಕರ್ನಾಟಕ ಹೈಕೋರ್ಟ್ ತಡೆ ಕೊಡಬೇಕಾಯಿತು. ‘ಆಕ್ಷೇಪಣೆ ಇದ್ದರೆ ಸಲ್ಲಿಸಿ’ ಎನ್ನುವುದು, ಸಲ್ಲಿಸದಂತೆ ನೋಡಿಕೊಳ್ಳುವುದು: ಕರಡು ಬರೆಯುವವರಿಗೆ ಎಲ್ಲ ಕಡೆಯೂ ಇದೇ ವಿದ್ಯೆ. ಬಂದ ಪತ್ರಗಳನ್ನು ಎಣಿಸಿದರಾಯಿತು, ಓದಬೇಕೆಂದೇನಿದೆ?

‘ಬದಲಿಗೆ ಏನು ಬೇಕು ಹೇಳಿ, ಸುಮ್ಮನೆ ಬೇಡ ಎನ್ನಬೇಡಿ’ ಎಂದು ಗದರುವವರಿದ್ದಾರೆ. ಯಾಕೆ ಎನ್ನಬಾರದು? ಸಾರು ಹಳಸಿದೆ ಎನ್ನಲು ಅಡುಗೆ ಭಟ್ಟನೇ ಆಗಬೇಕಿಲ್ಲ, ನಾಲಿಗೆ ಇದ್ದರೆ ಸಾಕು.

ನಾನು ಓದಿದ ಕಾಲೇಜಿನ ಲ್ಯಾಬ್‌ನಲ್ಲಿ ಹೆಸರು ಓದಿಕೊಳ್ಳುವ ಪ್ರೋಗ್ರಾಂಗೆ ಗೆಟ್ಸ್ ಬರೆದವರಿಗೇ ಪೂರ್ತಿ ಅಂಕ. ಯಾಕೆ ಸಾರ್ ಎಂದರೆ, ಸ್ಟ್ಯಾಂಡರ್ಡ್‌ನಲ್ಲಿದೆಯಲ್ಲಪ್ಪ ಎನ್ನುತ್ತಿದ್ದರು ಮೇಷ್ಟ್ರು. ಅವರದೇನು ತಪ್ಪು? ಇತ್ತಲ್ಲ!